ಫ್ಲಾಸ್ಕಿನೊಳಗೆ ಥರ್ಮಾಮೀಟರಿನ ಸ್ಥಾನ

ಜ್ವರ ಬಂದವರನ್ನು ನೋಡುವ ವೈದ್ಯರು ಥರ್ಮಾಮೀಟರನ್ನು ನಾಲಗೆಯ ಕೆಳಗೋ ಕಂಕುಳಲ್ಲೋ ಇಡುತ್ತಾರೆಯೇ ಹೊರತು ಅಂಗೈಯಲ್ಲಿ ಇಡುವುದಿಲ್ಲ. ಇಟ್ಟ ಮೇಲೂ ಸ್ವಲ್ಪ ಹೊತ್ತು ಕಾಯುತ್ತಾರೆ. ಥರ್ಮಾಮೀಟರಿಗೆ ರೋಗಿಯ ವಿಚಾರವೇನೂ ತಿಳಿಯದು. ತನ್ನ ತುದಿಯಲ್ಲಿರುವ ಬುರುಡೆ ಎಷ್ಟು ಬಿಸಿಯಾಗಿದೆ ಎಂಬುದೊಂದನ್ನೇ ಅದು ಹೇಳಬಲ್ಲುದು. ಆ ಬುರುಡೆಯನ್ನು ತಕ್ಕ ಸ್ಥಳದಲ್ಲಿ ತಕ್ಕಷ್ಟು ಹೊತ್ತು ನಿಲ್ಲಿಸುವ ಹೊಣೆ ಅಳೆಯುವವರದು.

ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಈ ಹೊಣೆಯ ಬಹುಭಾಗವನ್ನು ಒಂದು ಸಣ್ಣ ಗಾಜಿನ ತುಂಡು ಹೊರುತ್ತದೆ. ಫ್ಲಾಸ್ಕಿನ ಕತ್ತಿಗೂ ಥರ್ಮಾಮೀಟರಿಗೂ ನಡುವೆ ಕುಳಿತು ಎರಡನ್ನೂ ಕೂಡಿಸುವ ಇದಕ್ಕೆ ಅಡಾಪ್ಟರು ಎಂದು ಹೆಸರು. ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ, ಬಾಯಿಗೆ ಸರಿಹೊಂದಿದ ಅಡಾಪ್ಟರನ್ನು ತೆಗೆದು ಸಿಕ್ಕಿಸುವುದು ವಿದ್ಯಾರ್ಥಿಗಳಲ್ಲಿ ವಾಡಿಕೆ. ಆದರೆ ಬಾಯಿಗೆ ಹೊಂದಿದುದೆಲ್ಲ ಕೆಲಸಕ್ಕೆ ಹೊಂದುವುದಿಲ್ಲ. ಬುರುಡೆ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲು ನಿರ್ಧರಿಸಿ, ಅಡಾಪ್ಟರನ್ನು ಆಮೇಲೆ ಆರಿಸಬೇಕು.

ಭಟ್ಟಿಯಿಳಿಸುವ ಕೆಲಸವನ್ನೇ ನೋಡೋಣ. ದ್ರವವನ್ನು ಕುದಿಸಿ, ಅದರ ಆವಿಯನ್ನು ಪಕ್ಕದ ಕೊಳವೆಯಲ್ಲಿ ಹಾಯಿಸಿ ತಣಿಸಿ, ಮರಳಿ ದ್ರವವಾಗಿ ಪಡೆಯುವ ಕ್ರಮವಿದು. ಇಲ್ಲಿ ನಮಗೆ ಬೇಕಾದುದು ಕುದಿಯುತ್ತಿರುವ ದ್ರವದ ಉಷ್ಣತೆಯಲ್ಲ. ಹೊರಕ್ಕೆ ಹೊರಟಿರುವ ಆವಿಯ ಉಷ್ಣತೆ. ಆದುದರಿಂದ ಬುರುಡೆಯ ಮೇಲಂಚು ಪಕ್ಕದ ಕೊಳವೆಯ ಬಾಯಿಯ ಕೆಳಗಿನ ಅಂಚಿಗೆ ಸಮನಾಗಿ ನಿಲ್ಲಬೇಕು. ಬುರುಡೆ ಅದಕ್ಕಿಂತ ಮೇಲೇರಿದರೆ ಆವಿ ಅದನ್ನು ಪೂರ್ತಿಯಾಗಿ ಬಳಸದೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಅಂಕೆ ಕಡಮೆಯಾಗಿ ಕಾಣುತ್ತದೆ. ತೀರ ಕೆಳಕ್ಕಿಳಿದರೆ ಕುದಿಯುವ ದ್ರವದ ಹನಿಗಳು ಸಿಡಿದು ಅಂಕೆ ಹೆಚ್ಚಾಗಬಹುದು. ಉಷ್ಣತೆಯನ್ನು ನೋಡಿಯೇ ಪಾತ್ರೆಯನ್ನು ಬದಲಾಯಿಸುವವನಿಗೆ, ಶುದ್ಧವಾದ ವಸ್ತುವಿನೊಡನೆ ಅಶುದ್ಧವಾದುದು ಬೆರೆಯಲು ಇಷ್ಟು ಸಾಕು.

ಮೈಸೂರು ಸಮುದ್ರಮಟ್ಟದಿಂದ ಸುಮಾರು ೭೭೦ ಮೀಟರ್ ಎತ್ತರದಲ್ಲಿದೆ. ವಾಯುವಿನ ಒತ್ತಡ ಅಷ್ಟರಮಟ್ಟಿಗೆ ಕಡಮೆಯಾದುದರಿಂದ ಇಲ್ಲಿ ಶುದ್ಧವಾದ ನೀರು ಸೆಂಟಿಗ್ರೇಡಿನ ೧೦೦ ಡಿಗ್ರಿಗೆ ಕಾಯದೆ ೯೭ ಮತ್ತು ೯೮ ಡಿಗ್ರಿಗಳ ನಡುವೆಯೇ ಕುದಿಯುತ್ತದೆ. ಸ್ಥಳದ ಎತ್ತರದಿಂದ ಬಂದ ಈ ನಿಜವಾದ ವ್ಯತ್ಯಾಸವನ್ನು ಬುರುಡೆಯ ತಪ್ಪು ಸ್ಥಾನದಿಂದ ಬರುವ ವ್ಯತ್ಯಾಸದೊಡನೆ ಬೆರೆಸಿಕೊಂಡರೆ ಯಾವುದು ಯಾವುದೆಂದು ತಿಳಿಯುವ ಬಗೆಯೇ ಇಲ್ಲ.

ಇನ್ನು ಅಳತೆಯ ಮಾತು. ಉಜ್ಜಿ ನಯಗೊಳಿಸಿದ ಗಾಜಿನ ಸಂಧಿಗಳ ಮೇಲೆ ೨೪/೪೦, ೧೯/೨೨, ೧೪/೨೦ ಎಂಬಂತೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಸಂಧಿಯ ಅಗಲವಾದ ತುದಿಯ ವ್ಯಾಸ, ಎರಡನೆಯದು ಅದರ ಉದ್ದ, ಎರಡೂ ಮಿಲಿಮೀಟರುಗಳಲ್ಲಿ. ಪ್ರತಿ ೧೦ ಮಿಲಿಮೀಟರ್ ಉದ್ದಕ್ಕೆ ವ್ಯಾಸ ೧ ಮಿಲಿಮೀಟರ್ ಕಿರಿದಾಗುತ್ತದೆ. ಈ ಇಳಿಜಾರು ಎಲ್ಲ ಸಂಧಿಗಳಲ್ಲಿಯೂ ಒಂದೇ ಆದುದರಿಂದ ೨೪/೪೦ ಸಂಧಿಗೆ ೨೪/೨೯ ಸಂಧಿ ಕೂಡುತ್ತದೆ. ೧೯ರ ಸಂಧಿ ಕೂಡದು. ಮೊದಲನೆಯ ಅಂಕೆ ಒಂದಾಗಿರಬೇಕೆಂಬುದೇ ನಿಯಮ.

ಉಜ್ಜಿದ ಸಂಧಿಗಳಿಲ್ಲದ ಫ್ಲಾಸ್ಕುಗಳಲ್ಲಿ ಕಾರ್ಕು ಅಥವಾ ರಬ್ಬರು ಬಿರಡೆಗೆ ತೂತು ಕೊರೆದು ಥರ್ಮಾಮೀಟರನ್ನು ತೂರಿಸುವುದುಂಟು. ಇದರಲ್ಲಿ ಎರಡು ತೊಡಕುಗಳಿವೆ. ಬೆಂಜೀನಿನಂಥ ದ್ರವಗಳ ಆವಿ ತಗಲಿದರೆ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಅದಕ್ಕಿಂತ ಗುರುತರವಾದುದು ಕೈಗೆ ಆಗುವ ಅಪಾಯ. ಬಿಗಿಯಾದ ತೂತಿನಲ್ಲಿ ಒತ್ತಿದಾಗ ಗಾಜು ಮುರಿದು ಅಂಗೈಯನ್ನು ಸೀಳುವುದು ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ಕಂಡುಬಂದಿರುವ ದುರ್ಘಟನೆ. ಗ್ಲಿಸರಿನ್ ಸವರಬೇಕು, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಬೇಕು, ಗಾಜನ್ನು ಬಿರಡೆಗೆ ಹತ್ತಿರದಲ್ಲಿಯೇ ಹಿಡಿದು ಮೆಲ್ಲಗೆ ತಿರುಗಿಸುತ್ತ ಒಳಕ್ಕೆ ಸಾಗಿಸಬೇಕು, ನೇರವಾಗಿ ನೂಕಬಾರದು.

ಇದಕ್ಕಿಂತ ಮೇಲಾದುದು ತಿರುಪಿನ ಮುಚ್ಚಳವುಳ್ಳ ಅಡಾಪ್ಟರು. ಕೆಳಗೆ ಉಜ್ಜಿದ ಸಂಧಿ, ಮೇಲೆ ತಿರುಪು, ಒಳಗೆ ರಬ್ಬರಿನ ಅಥವಾ ಸಿಲಿಕೋನಿನ ಒಂದು ಬಳೆ. ಮುಚ್ಚಳವನ್ನು ಸಡಿಲಿಸಿದರೆ ಥರ್ಮಾಮೀಟರನ್ನು ಮೇಲೆ ಕೆಳಗೆ ಸರಿಸಬಹುದು. ಬಿಗಿದರೆ ಅದು ನಿಂತಲ್ಲಿಯೇ ನಿಲ್ಲುತ್ತದೆ. ಬುರುಡೆಯ ಸ್ಥಾನ ಮುಖ್ಯವಾಗಿರುವ ಕಡೆ ಇದೇ ಸಾಮಾನ್ಯವಾಗಿ ಉತ್ತಮ. ಸಂಧಿಯನ್ನು ಥರ್ಮಾಮೀಟರಿಗೇ ಬೆಸೆದಿರುವ ಬಗೆಯೂ ಉಂಟು. ಅದು ಸೋರುವುದಿಲ್ಲ ನಿಜ, ಆದರೆ ಬುರುಡೆಯ ಆಳವನ್ನು ಬದಲಾಯಿಸಲಾಗದು. ಒಂದು ಫ್ಲಾಸ್ಕಿಗೆ ಸರಿಯಾದುದು ಇನ್ನೊಂದರಲ್ಲಿ ದ್ರವವನ್ನು ಮುಟ್ಟದೆಯೇ ಹೋಗಬಹುದು.

ಆಮ್ಲಗಳಂಥ ತೀಕ್ಷ್ಣ ವಸ್ತುಗಳಿರುವ ಫ್ಲಾಸ್ಕಿನಲ್ಲಿ ಕೆಳತುದಿ ಮುಚ್ಚಿದ ಕೊಳವೆಯೊಂದನ್ನು ದ್ರವದೊಳಕ್ಕೆ ಇಳಿಸಿ, ಆ ಕೊಳವೆಯಲ್ಲಿ ಅಳೆಯುವ ಕಡ್ಡಿಯನ್ನು ಇಡುವರು. ಇದಕ್ಕೆ ಥರ್ಮೋವೆಲ್ ಎಂದು ಹೆಸರು. ೨೦೧೩ರಲ್ಲಿ ಅಂಗೀಕೃತವಾಗಿ ೨೦೧೭ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದದ ತರುವಾಯ ಪಾದರಸದ ಬದಲು ಲೋಹದ ಕಡ್ಡಿಯೊಳಗಿನ ವಿದ್ಯುತ್ ಮಾಪಕಗಳ ಬಳಕೆ ಹೆಚ್ಚುತ್ತಿರುವುದರಿಂದ ಈ ಕೊಳವೆಗೆ ಪ್ರಾಮುಖ್ಯ ಬಂದಿದೆ. ಆದರೆ ಗಾಜಿನ ಗೋಡೆಯನ್ನೂ ಒಳಗಿನ ಗಾಳಿಯನ್ನೂ ದಾಟಿ ಶಾಖ ಬರಬೇಕಾದುದರಿಂದ ಅಂಕೆ ತಡವಾಗಿ ಏರುತ್ತದೆ. ತಾನಾಗಿಯೇ ಶಾಖವನ್ನು ಹೊರಡಿಸುವ ಕ್ರಿಯೆ ನಡೆಯುತ್ತಿರುವಾಗ ಈ ತಡ ಬಹಳ ಅಪಾಯಕರ. ಮಾಪಕದಲ್ಲಿ ೬೦ ಡಿಗ್ರಿ ಕಾಣುವ ಹೊತ್ತಿಗೆ ದ್ರವ ಅದನ್ನು ಮೀರಿ ಹೋಗಿರಬಹುದು. ಆಗ ಮಂಜುಗಡ್ಡೆಯನ್ನು ತರಲು ಓಡಿದರೂ ಕಾಲ ಮಿಂಚಿರುತ್ತದೆ. ಕೊಳವೆಯಲ್ಲಿ ಗಾಳಿಯ ಬದಲು ಸ್ವಲ್ಪ ಎಣ್ಣೆ ಹಾಕಿದರೆ ತಡ ಬಹಳಷ್ಟು ತಗ್ಗುತ್ತದೆ. ಇಂಥ ಫ್ಲಾಸ್ಕಿನಲ್ಲಿ ಕಲಕುವ ರೆಕ್ಕೆ ತಿರುಗುತ್ತಿದ್ದರೆ ಅದು ಕೊಳವೆಗೆ ತಗಲದಂತೆ ಕೈಯಿಂದ ಒಮ್ಮೆ ತಿರುಗಿಸಿ ನೋಡಿಕೊಳ್ಳತಕ್ಕದ್ದು.

ಗಾಜಿನ ಥರ್ಮಾಮೀಟರನ್ನು ಬಳಸುವವರು ಅಡಾಪ್ಟರಿನ ಹೊರಗೆ ಉಳಿಯುವ ಪಾದರಸದ ಕಂಬವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪೂರ್ಣವಾಗಿ ಮುಳುಗಿಸಿ ಅಳತೆ ಗುರುತಿಸಿದ ಥರ್ಮಾಮೀಟರು ೨೦೦ ಡಿಗ್ರಿ ತೋರಿಸುತ್ತಿದೆ, ಅದರಲ್ಲಿ ೧೦೦ ಡಿಗ್ರಿಯಷ್ಟು ಕಂಬ ಹೊರಗಿದೆ, ಆ ಭಾಗದ ಉಷ್ಣತೆ ೫೦ ಡಿಗ್ರಿ ಎಂದುಕೊಳ್ಳಿ. ೦.೦೦೦೧೬ನ್ನು ೧೦೦ರಿಂದಲೂ ೧೫೦ರಿಂದಲೂ ಗುಣಿಸಿದರೆ ೨.೪ ಬರುತ್ತದೆ, ನಿಜವಾದ ಉಷ್ಣತೆ ೨೦೨.೪ ಡಿಗ್ರಿ. ಭಾಗಶಃ ಮುಳುಗಿಸುವ ಬಗೆಯವುಗಳಲ್ಲಿ ಎಷ್ಟು ಆಳ ಇಳಿಯಬೇಕೆಂಬುದಕ್ಕೆ ಒಂದು ಗೆರೆ ಇರುತ್ತದೆ. ಹಲವಲ್ಲಿ ಅದು ತುದಿಯಿಂದ ೭೬ ಮಿಲಿಮೀಟರ್ ದೂರದಲ್ಲಿದೆ. ಆ ಗೆರೆಯವರೆಗೆ ಇಳಿಯಗೊಡದ ಅಡಾಪ್ಟರು ಎಷ್ಟು ಅಂದವಾಗಿದ್ದರೂ ಆ ಕೆಲಸಕ್ಕೆ ತಕ್ಕುದಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಒಳ್ಳೆಯ ಅಡಾಪ್ಟರು ಫ್ಲಾಸ್ಕಿನ ಬಾಯನ್ನು ಗಾಳಿಯಾಡದಂತೆ ಮುಚ್ಚುತ್ತದೆ. ಸಾಧಾರಣ ಗಾಜಿನ ಫ್ಲಾಸ್ಕನ್ನು ಕಾಯಿಸುವಾಗ ಆವಿಗೆ ಬೇರೆಲ್ಲಿಯಾದರೂ ಹೊರದಾರಿ ಇರಲೇಬೇಕು. ಇಲ್ಲವಾದರೆ ಒತ್ತಡ ಏರಿ ಗಾಜು ಒಡೆದು ಹಾರುತ್ತದೆ. ಆದುದರಿಂದ ದೀಪ ಹಚ್ಚುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಬುರುಡೆ ಎಲ್ಲಿದೆ? ಎಷ್ಟು ಆಳಕ್ಕೆ ಇಳಿದಿದೆ? ಅದಕ್ಕೂ ದ್ರವಕ್ಕೂ ನಡುವೆ ಏನಿದೆ? ಆವಿ ಹೊರಕ್ಕೆ ಹೋಗುವ ದಾರಿ ಯಾವುದು? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಒಲೆಯನ್ನು ಹೊತ್ತಿಸಬಹುದು.