ಡಿಜಿಟಲ್ ವಿಡಿಯೊ ಮತ್ತು 'ಸಮೀಪ' ಎಂಬ ವಿಶೇಷಣ

ರಾಜಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗ ನಾವು ವಿಶೇಷಣಗಳನ್ನು ಒಂದು ಕಡೆಗಿರಿಸಿ, ದತ್ತಿಯಾದ ಭೂಮಿ ಎಷ್ಟು, ಅದರ ಎಲ್ಲೆಗಳಾವುವು ಎಂಬುದನ್ನು ಅರಸುತ್ತೇವೆ. ವ್ಯಾಪಾರ ಸಂಸ್ಥೆಗಳ ಪ್ರಕಟಣೆಗಳನ್ನು ಓದುವುದಕ್ಕೂ ಇದೇ ಕ್ರಮವು ಉಚಿತವೆಂದು ನಮಗೆ ತೋರುತ್ತದೆ. ನಿದರ್ಶನಕ್ಕಾಗಿ ಒಂದನ್ನು ಪರಿಶೀಲಿಸಬಹುದು.

2000ನೆಯ ಇಸವಿಯ ಅಂತ್ಯದಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 'ವಿಂಡೋಸ್ ಮೀಡಿಯಾ ವಿಡಿಯೊ 8' ಎಂಬ ತನ್ನ ಸಂಕೋಚನ ವಿಧಾನವನ್ನು ಪ್ರಕಟಿಸಿ, ಸೆಕೆಂಡಿಗೆ 500 ಕಿಲೊಬಿಟ್‌ಗಳಲ್ಲಿ ಡಿವಿಡಿಗೆ ಸಮೀಪವಾದ, 250 ಕಿಲೊಬಿಟ್‌ಗಳಲ್ಲಿ ವಿಎಚ್‌ಎಸ್‌ಗೆ ಸಮೀಪವಾದ ಚಿತ್ರವು ದೊರೆಯುವುದೆಂದು ಸಾರಿತು. ಡಿವಿಡಿಯಲ್ಲಿನ ಚಲನಚಿತ್ರಗಳಿಗೆ ಸಾಮಾನ್ಯವಾಗಿ ಸೆಕೆಂಡಿಗೆ 4000ದಿಂದ 6000 ಕಿಲೊಬಿಟ್‌ಗಳು ಬೇಕಾಗುತ್ತಿದ್ದವು. ಗರಿಷ್ಠ ಮಿತಿ 9800. ಹಾಗಾದರೆ ಹತ್ತರಲ್ಲೊಂದು ಪಾಲಿನಲ್ಲಿ ಅದೇ ಚಿತ್ರವೆ? ಡಿವಿಡಿ ಬಳಸುವ ಎಂಪೆಗ್-2 ವಿಧಾನವು 1990ರ ದಶಕದ ನಡುಭಾಗದ್ದಾದುದರಿಂದ ಹೊಸದು ಅದನ್ನು ಮೀರಿಸಿದುದು ಸಹಜ. ಅಷ್ಟನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2003ರಲ್ಲಿ ಸಿದ್ಧವಾದ, ಇನ್ನೂ ಸಮರ್ಥವಾದ ಎಚ್.264 ಎಂಬ ಅಂತರರಾಷ್ಟ್ರೀಯ ಮಾನಕವು ಸಹ ಎಂಪೆಗ್-2ರ ಗುಣವನ್ನು ಸುಮಾರು ಅರ್ಧ ಪ್ರಮಾಣದಲ್ಲಿ ಕೊಡಲು ಶಕ್ತವಾಯಿತೇ ಹೊರತು ಹತ್ತರಲ್ಲೊಂದರಲ್ಲಿ ಅಲ್ಲ. ಮಿಕ್ಕ ಭಾರವನ್ನೆಲ್ಲ 'ಸಮೀಪ' ಎಂಬ ವಿಶೇಷಣವೊಂದೇ ಹೊರಬೇಕಾಯಿತು. ಆ ಪದಕ್ಕೆ ಅಳತೆಗೋಲು ಎಲ್ಲಿದೆ?

ಇಂತಹ ವಿಧಾನಗಳು ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಬರೆದಿಡುವುದಿಲ್ಲ. ಹಿಂದಿನ ಚಿತ್ರದಿಂದ ಬದಲಾದುದನ್ನೇ ಬಹುಮಟ್ಟಿಗೆ ದಾಖಲಿಸಿ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತವೆ. ಕುಳಿತು ಮಾತನಾಡುವವನ ಚಿತ್ರವು ಅಲ್ಪ ಪ್ರಮಾಣದಲ್ಲಿಯೂ ಚೆನ್ನಾಗಿಯೇ ಕಾಣುತ್ತದೆ. ಮಳೆ, ಹರಿಯುವ ನೀರು, ಜಾತ್ರೆಯ ಜನಸಂದಣಿ ಬಂದೊಡನೆ ಚೌಕ ಚೌಕವಾಗಿ ಒಡೆಯತೊಡಗುತ್ತದೆ. ಪ್ರದರ್ಶನಕ್ಕೆ ದೃಶ್ಯವನ್ನು ಆರಿಸುವವರು ಮಾರುವವರೇ ಎಂಬುದನ್ನು ಮರೆಯಲಾಗದು. ಯಾವ ದೃಶ್ಯ, ಚಿತ್ರದ ಅಳತೆ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದನ್ನು ತಿಳಿಸದ ಗುಣವರ್ಣನೆಯು ಪ್ರಶಸ್ತಿಯೇ ಹೊರತು ಸಾಕ್ಷ್ಯವಲ್ಲ.

ಇದು ಹಳೆಯ ಮಾತೆಂದು ತಳ್ಳಿಬಿಡುವಂತಿಲ್ಲ. ವಿಎಚ್‌ಎಸ್ ಟೇಪುಗಳಲ್ಲಿರುವ ಸಂದರ್ಶನಗಳನ್ನೂ ಉತ್ಸವಗಳ ದಾಖಲೆಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಡುವ ಕಾಲೇಜುಗಳಿಗೆ ಇಂತಹುದೇ ಭರವಸೆಗಳು ಎದುರಾಗುತ್ತವೆ. ಗುಣ ಕೆಡದೆಂಬ ಮಾತನ್ನು ನಂಬಿ ಮೂಲ ಟೇಪನ್ನು ವಿಸರ್ಜಿಸಿದಲ್ಲಿ, ಸಂಕೋಚನದಲ್ಲಿ ಬಿಟ್ಟುಹೋದುದನ್ನು ಮರಳಿ ಪಡೆಯುವ ಉಪಾಯವಿಲ್ಲ; ಜಾತ್ರೆಯ ಗುಂಪಿನಲ್ಲಿನ ಮುಖಗಳು ಹೋದರೆ ಹೋದವೇ. ತಮ್ಮ ಸಂಗ್ರಹದಲ್ಲಿ ಅತ್ಯಂತ ಚಲನೆಯುಳ್ಳ ಟೇಪನ್ನೇ ಮೊದಲು ಪರೀಕ್ಷೆಗೆ ಕೊಟ್ಟು, ಮೂಲವನ್ನೂ ಪ್ರತಿಯನ್ನೂ ಒಂದೇ ಪರದೆಯ ಮೇಲೆ ನೋಡಿದ ಬಳಿಕವೇ ವಿಭಾಗಗಳು ಹಣ ಸಂದಾಯ ಮಾಡುವುದು ಲೇಸು.