ಓಶುನ್ ನದಿಯ ನೆಂಟರು

ಅರುಗ್ಬಾ ಎಡವಬಾರದು. ನೈಜೀರಿಯಾದ ಓಶೊಗ್ಬೊ ಪಟ್ಟಣದಲ್ಲಿ ಆಗಸ್ಟ್ ತಿಂಗಳ ಹಬ್ಬದ ಕೊನೆಯ ದಿನ, ಅರಮನೆಯಿಂದ ನದಿಯವರೆಗಿನ ದಾರಿಯುದ್ದಕ್ಕೂ ಜನರ ಕಣ್ಣೆಲ್ಲ ಆ ಹುಡುಗಿಯ ಪಾದಗಳ ಮೇಲೆ. ರಾಜಮನೆತನದ ಕನ್ಯೆ. ತಲೆಯ ಮೇಲೆ ಬಟ್ಟೆ ಹೊದಿಸಿದ ದೊಡ್ಡ ಸೋರೆಬುರುಡೆ. ಅದರಲ್ಲಿ ಊರಿನವರೆಲ್ಲರ ಪರವಾಗಿ ಓಶುನ್ ದೇವಿಗೆ ಸಲ್ಲಬೇಕಾದ ಕಾಣಿಕೆ. ಸುತ್ತಲೂ ಪೂಜಾರಿಣಿಯರ ಕಾವಲು, ಮುಂದೆ ಬೆತ್ತ ಬೀಸುವ ಹುಡುಗರು, ಹಿಂದೆ ನದಿಯ ನೀರು ತುಂಬಿಕೊಳ್ಳಲೆಂದು ಹಳದಿ ಪ್ಲಾಸ್ಟಿಕ್ ಕ್ಯಾನುಗಳನ್ನು ಎತ್ತಿಹಿಡಿದ ಹೆಂಗಸರು. ಮಕ್ಕಳಾಗದವರು ಕೈಯೆತ್ತಿ ಕೂಗಿ ಹರಕೆ ಹೇಳಿಕೊಳ್ಳುತ್ತಾರೆ. ಮೊಬೈಲ್ ಕಂಪನಿಯ ಬ್ಯಾನರು, ತಂಪು ಪಾನೀಯದ ಕೊಡೆ, ಪೊಲೀಸರ ಸೀಟಿ ಎಲ್ಲವೂ ಅದೇ ದಾರಿಯಲ್ಲಿವೆ. ಇಷ್ಟೆಲ್ಲ ಗದ್ದಲದ ನಡುವೆ ದೇವಿ ಎಲ್ಲಿ ಎಂದು ಮೂಗೆಳೆಯುವ ಪ್ರವಾಸಿಗಳಿರುತ್ತಾರೆ. ಜಾತ್ರೆ ನೋಡಿ ಬೆಳೆದವರಿಗೆ ಆ ಅನುಮಾನ ಬರಲಾರದು.

ಮೆರವಣಿಗೆಯಲ್ಲಿ ನುಡಿಯುವ ಡುಂಡುನ್ ವಾದ್ಯದ ಸೊಂಟ ಸಣ್ಣದು, ಮೈಸುತ್ತ ಚರ್ಮದ ಹುರಿಗಳು. ಕಂಕುಳಲ್ಲಿಟ್ಟು ಒತ್ತಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಲ್ಲಿಯವರ ಯೊರುಬಾ ನುಡಿಯಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ಹೊರುವುದರಿಂದ, ವಾದಕ ಬಾಯಿ ತೆರೆಯದೆ ದೊರೆಯ ಬಿರುದಾವಳಿ ನುಡಿಸಬಲ್ಲ. ಓಶೊಗ್ಬೊದ ದೊರೆಗೆ ಅತಾಒಜ ಎಂದು ಹೆಸರು. ಆತನ ತಂದೆ, ಅಜ್ಜ, ಮುತ್ತಜ್ಜ ಎಲ್ಲರನ್ನೂ ಕೋಲಿನ ಪೆಟ್ಟು ಕೂಗಿ ಕರೆಯುತ್ತದೆ. ಮೆರವಣಿಗೆಗೆ ಕೆಲವು ದಿನ ಮುಂಚೆ ಅರಮನೆಯಲ್ಲಿ ಇಬೊರಿಯಾಡೆ ನಡೆದಿರುತ್ತದೆ. ಗತಿಸಿದ ದೊರೆಗಳ ಕಿರೀಟಗಳನ್ನೆಲ್ಲ ಒಂದೆಡೆ ತಂದಿಟ್ಟು, ಆಳುತ್ತಿರುವವನು ಅವುಗಳ ಮುಂದೆ ಹರಸಿಸಿಕೊಳ್ಳುತ್ತಾನೆ. ಈ ಊರಲ್ಲಿ ಮುಸ್ಲಿಮರು ಬಹಳ, ದೊರೆಗಳಲ್ಲೂ ಮುಸ್ಲಿಮರಿದ್ದಾರೆ. ನಮಾಜು ಮಾಡಿದರೆಂದು ಕಿರೀಟಗಳ ಋಣ ಹರಿದುಹೋಗಿಲ್ಲ.

ಊರು ಹುಟ್ಟಿದ ಕಥೆಯಲ್ಲೂ ಒಂದು ಋಣವಿದೆ. ನೀರಿಲ್ಲದೆ ಹಳೆಯ ನೆಲೆ ಬಿಟ್ಟು ಹೊರಟ ಲಾರೊಯೆ ಮತ್ತು ಬೇಟೆಗಾರ ಒಲುಟಿಮೆಹಿನ್ ನದಿಯ ದಂಡೆಗೆ ಬಂದು ಮರ ಕಡಿದರಂತೆ. ಮರ ನೀರಿಗೆ ಬಿತ್ತು. ನನ್ನ ಬಣ್ಣದ ಮಡಕೆಗಳನ್ನೆಲ್ಲ ಒಡೆದಿರಲ್ಲ ಎಂದು ಒಳಗಿನಿಂದ ಹೆಣ್ಣುದನಿ ಗದರಿತು. ನೀಲಿ ಅದ್ದುವವಳ ಮನೆಯಂಗಳಕ್ಕೆ ಹೇಳದೆ ಕೇಳದೆ ನುಗ್ಗಿದ ತಪ್ಪಿಗೆ ವರ್ಷವರ್ಷವೂ ಕಾಣಿಕೆ.

ರಕ್ತದ ನಂಟು ಯೊರುಬಾ ಜನರಿಗೆ ಬರೀ ನೆನಪಲ್ಲ. ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ ಬಾಬಾತುಂಡೆ ಎಂದೂ, ಅಜ್ಜಿಯ ನಂತರದ ಹೆಣ್ಣುಮಗುವಿಗೆ ಯೆತುಂಡೆ ಎಂದೂ ಹೆಸರಿಡುತ್ತಾರೆ. ಹೋದವರು ಮರಳಿದರು ಎಂಬ ಲೆಕ್ಕ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಅಜ್ಜನ ಹೆಸರೇ ಗೊತ್ತಿಲ್ಲದವರ ಪಾಡೇನು? ದಂಡೆಯ ಗುಂಪಿನಲ್ಲಿ ಬಿಳಿಬಟ್ಟೆ, ಕೊರಳಲ್ಲಿ ಹಳದಿ ಮಣಿಸರ ತೊಟ್ಟು ನಿಂತವರಲ್ಲಿ ಬ್ರೆಜಿಲ್, ಕ್ಯೂಬಾ, ಅಮೆರಿಕದಿಂದ ಬಂದವರೂ ಇರುತ್ತಾರೆ. 19ನೇ ಶತಮಾನದಲ್ಲಿ ಓಯೊ ಸಾಮ್ರಾಜ್ಯ ಕುಸಿದು ಯುದ್ಧಗಳು ಹಬ್ಬಿದಾಗ ಸೆರೆಸಿಕ್ಕ ಯೊರುಬಾ ಜನ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಮಾರಾಟವಾದರು. ಊರು, ಕುಲ, ಹೆಸರು ಎಲ್ಲ ಹೋಯಿತು, ದೇವಿ ಉಳಿದಳು. ಬ್ರೆಜಿಲಿನ ಬಾಹಿಯಾದಲ್ಲಿ ಆಕೆ ಒಷುಮ್, ಕ್ಯೂಬಾದಲ್ಲಿ ಒಚುನ್. ಬ್ರೆಜಿಲಿನ ಕ್ಯಾಂಡೊಂಬ್ಲೆ ಪಂಥದ ಮನೆಗಳಲ್ಲಿ ದೀಕ್ಷೆ ಕೊಟ್ಟವಳೇ ತಾಯಿ, ಪಡೆದವರು ಮಕ್ಕಳು, ಜೊತೆಗೆ ದೀಕ್ಷೆಯಾದವರು ಒಡಹುಟ್ಟಿದವರು. ಕಡಿದುಹೋದ ವಂಶವೃಕ್ಷದ ಜಾಗದಲ್ಲಿ ಗುಲಾಮರು ಇನ್ನೊಂದನ್ನು ನೆಟ್ಟರು. ಬಾಹಿಯಾದ ಮಾರ್ತಿನಿಯಾನೊ ದೊ ಬೊಂಫಿಮ್ ಹುಡುಗನಾಗಿದ್ದಾಗ, 1875ರಲ್ಲಿ, ತಂದೆಯೊಡನೆ ಲಾಗೋಸಿಗೆ ಬಂದು ವರ್ಷಗಟ್ಟಲೆ ಇದ್ದು, ಇಫಾ ಎಂಬ ಕಣಿ ಹೇಳುವ ಶಾಸ್ತ್ರ ಕಲಿತು ಹಿಂತಿರುಗಿದ. ಇಂದು ಕ್ಯಾನು ಹಿಡಿದು ನಿಂತವರ ದಾರಿ ಅಷ್ಟು ಹಳೆಯದು.

ಇನ್ನು ನದಿಯ ದಂಡೆಯಲ್ಲಿರುವ ದೇವಿಯ ಬನ. ನಡೆದುಹೋಗುವಾಗ ಮರಗಳ ನಡುವಿನಿಂದ ಸಿಮೆಂಟಿನ ಆಳೆತ್ತರದ ಆಕೃತಿಗಳು ಏಳುತ್ತವೆ: ಹರಡಿದ ಕೈಗಳು, ಉಬ್ಬಿದ ಕಣ್ಣುಗಳು, ಪಾಚಿ ಹಿಡಿದ ಮೊಲೆಗಳು. ಮೋನಾ ಕೋತಿಗಳು ಅವುಗಳ ಹೆಗಲೇರಿ ಕೂರುತ್ತವೆ. ಪುರಾತನವೆಂದು ಕೈಮುಗಿಯಲು ಹೊರಟವರಿಗೆ ಕಸಿವಿಸಿಯಾಗುವ ಸಂಗತಿಯೆಂದರೆ, ಇವೆಲ್ಲ 20ನೇ ಶತಮಾನದ ಉತ್ತರಾರ್ಧದ ಕೆಲಸ. ಮಾಡಿಸಿದವಳು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ 1915ರಲ್ಲಿ ಹುಟ್ಟಿದ ಸುಸಾನೆ ವೆಂಗರ್. 1950ರಲ್ಲಿ ನೈಜೀರಿಯಾಕ್ಕೆ ಬಂದ ಚಿತ್ರಗಾರ್ತಿ ಕ್ಷಯದಿಂದ ನರಳಿದಳು. ಆಮೇಲೆ ಎಡೆ ಊರಿನಲ್ಲಿ ಒಬಾತಾಲಾ ದೇವರ ಪೂಜಾರಿಯಾಗಿದ್ದ ಅಜಾಗೆಮೊನ ಆಶ್ರಯಕ್ಕೆ ಬಂದು ದೀಕ್ಷೆ ಪಡೆದಳು. ಜನ ಅಡುನ್ನಿ ಎಂದು ಕರೆದರು. ಗುಡಿಗಳಿಗೆ ಗೆದ್ದಲು ಹಿಡಿದು, ಮರಗಳಿಗೆ ಕೊಡಲಿ ಬೀಳುತ್ತಿದ್ದ ಕಾಲ ಅದು. ಗಾರೆಕೆಲಸದ ಅಡೆಬಿಸಿ ಅಕಾಂಜಿ ಮೊದಲಾದವರನ್ನು ಕಟ್ಟಿಕೊಂಡು ಆಕೆ ಮಣ್ಣು, ಸಿಮೆಂಟುಗಳಲ್ಲಿ ದೇವರುಗಳನ್ನು ಎಬ್ಬಿಸಿದಳು. ಬೇಟೆ, ಮೀನುಗಾರಿಕೆ, ಮರ ಕಡಿಯುವುದರ ವಿರುದ್ಧ ಜಗಳಕ್ಕೆ ನಿಂತಳು. ಸುಮಾರು 75 ಹೆಕ್ಟೇರಿನ ಈ ಬನ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2009ರಲ್ಲಿ ಆಕೆ ಓಶೊಗ್ಬೊದಲ್ಲೇ ತೀರಿಕೊಂಡಳು.

ಬಿಳಿಯಳೊಬ್ಬಳ ಕಲ್ಪನೆ ಯೊರುಬಾ ಪರಂಪರೆಯಾಗುವುದು ಹೇಗೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಅದು. ವಸಾಹತಿನ ಕಾಲದಲ್ಲಿ ಆಫ್ರಿಕಾದ ದೇವರುಗಳಿಗೆ ಯುರೋಪಿನವರಿಂದ ಆದದ್ದು ಕಡಿಮೆಯಲ್ಲ. ಆದರೆ ನದಿಯ ದಂಡೆಯಲ್ಲಿ ಅಸಲಿಯೋ ನಕಲಿಯೋ ಎಂಬುದಕ್ಕಿಂತ, ಯಾರ ಮನೆಯವಳು, ಯಾರ ಕೈಯಿಂದ ದೀಕ್ಷೆ ಎಂಬುದೇ ಹೆಚ್ಚು ತೂಕದ್ದೆಂದು ನನಗನ್ನಿಸುತ್ತದೆ. ಅತಾಒಜನಿಗೆ ಕಿರೀಟಗಳ ಸಾಲಿದೆ, ಬಾಹಿಯಾದವಳಿಗೆ ದೀಕ್ಷೆಯ ತಾಯಿ, ವೆಂಗರಳಿಗೆ ಅಜಾಗೆಮೊ. ಓಶೊಗ್ಬೊದಲ್ಲಿ ಆಕೆ ಬಾಳಿದ ಮಹಡಿಮನೆಯಂತೂ ಬ್ರೆಜಿಲ್ ಶೈಲಿಯದು. ಬಿಡುಗಡೆ ಹೊಂದಿ ಮರಳಿದ ಗುಲಾಮರು ಹೊತ್ತುತಂದ ಕಟ್ಟೋಣ ಅದು. ಇದರಲ್ಲಿ ಅಪ್ಪಟ ಯಾವುದು ಎಂದು ಹೆಕ್ಕಲು ಹೊರಟವರಿಗೆ ಗೋಡೆಯೇ ಕೈಗೆ ಬರುತ್ತದೆ.

ಈಚಿನ ವರ್ಷಗಳಲ್ಲಿ ತಕರಾರು ಬೇರೆ ಕಡೆಯಿಂದ ಬಂದಿದೆ. ಮೇಲ್ದಂಡೆಯಲ್ಲಿ ಅಕ್ರಮವಾಗಿ ಚಿನ್ನ ತೆಗೆಯುವವರು ಮಣ್ಣು ತೊಳೆದು ತೊಳೆದು ನದಿ ಕೆಂಗಂದಾಗಿದೆ. ಲೋಹದ ವಿಷ ಬೆರೆತಿದೆಯೆಂದು 2022ರ ಹಬ್ಬದ ಹೊತ್ತಿಗೆ ಸರ್ಕಾರವೇ ನೀರು ಕುಡಿಯಬೇಡಿ ಎಂದು ಸಾರಿತು. ಆದರೂ ಕ್ಯಾನುಗಳು ತುಂಬುತ್ತವೆ. ದೇವಿಯ ನೀರಿಗೆ ವಿಷ ಹೇಗೆ ತಗಲೀತು ಎನ್ನುವ ಭಕ್ತರಿದ್ದಾರೆ. ಗಣಿಯವರನ್ನು ಓಡಿಸಿ ಎಂದು ಸರ್ಕಾರದ ಬೆನ್ನು ಬಿದ್ದವರೂ ಇದ್ದಾರೆ.