ಟಿ.ವಿ. ಪ್ಯಾಕ್ ಬದಲಾವಣೆ ಮತ್ತು ಕಾಣದ ಶುಲ್ಕಗಳು: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮೀಣ ಕುಟುಂಬದ ತಿಂಗಳ ಖರ್ಚಿನಲ್ಲಿ ವಿದ್ಯುತ್ ಬಿಲ್ಲು, ಅಡುಗೆ ಅನಿಲ ಮತ್ತು ಮೊಬೈಲ್ ರೀಚಾರ್ಜ್‌ಗಳ ಸಾಲಿನಲ್ಲಿಯೇ ಇಂದು ಟಿ.ವಿ. ಸಂಪರ್ಕದ ಶುಲ್ಕವೂ ನಿಂತಿದೆ. ವಿದ್ಯುತ್ ಬಿಲ್ಲಿನಲ್ಲಿ ಬಳಸಿದ ಯೂನಿಟ್‌ಗಳ ಸಂಖ್ಯೆ ನಮೂದಾಗಿರುತ್ತದೆ. ಟಿ.ವಿ. ಶುಲ್ಕದ ವಿಷಯದಲ್ಲಿ ಹಾಗಿಲ್ಲ. ಅನೇಕ ಮನೆಗಳಲ್ಲಿ ಕೇಬಲ್‌ನವರು ಕೇಳಿದಷ್ಟು ಹಣ ಕೊಡುವುದು, ಇಲ್ಲವೇ ಡಿಶ್ ನಿಂತಾಗ ಅಂಗಡಿಗೆ ಹೋಗಿ ಹಿಂದಿನಷ್ಟೇ ಮೊತ್ತಕ್ಕೆ ರೀಚಾರ್ಜ್ ಮಾಡಿಸುವುದು ರೂಢಿಯಾಗಿದೆ. ಆ ಮೊತ್ತದಲ್ಲಿ ಯಾವ ವಾಹಿನಿಗೆ ಎಷ್ಟು, ತೆರಿಗೆ ಎಷ್ಟು, ಬೇಡದ ಸೇವೆಗೆ ಎಷ್ಟು ಎಂಬುದು ಹಣ ಕೊಡುವವರಿಗೆ ತಿಳಿದಿರುವುದಿಲ್ಲ. ಈ ಲೆಕ್ಕವನ್ನು ಗ್ರಾಮಸ್ಥರಿಗೆ ಬಿಡಿಸಿ ಹೇಳಲು ಸದಸ್ಯರಿಗೆ ನೆರವಾಗುವುದು ಈ ಲೇಖನದ ಉದ್ದೇಶವಾಗಿದೆ.

ಶುಲ್ಕದ ಮೂರು ಭಾಗಗಳು

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2017ರಲ್ಲಿ ಹೊರಡಿಸಿದ ನಿಯಮಗಳು 2019ರ ಫೆಬ್ರವರಿಯಿಂದ ಗ್ರಾಹಕರ ಮಟ್ಟದಲ್ಲಿ ಜಾರಿಗೆ ಬಂದವು. ಇವು ಕೇಬಲ್ ಮತ್ತು ಡಿ.ಟಿ.ಎಚ್. ಎರಡಕ್ಕೂ ಅನ್ವಯಿಸುತ್ತವೆ. ಈ ಪದ್ಧತಿಯಂತೆ ತಿಂಗಳ ಶುಲ್ಕವು ಮೂರು ಭಾಗಗಳಿಂದ ಕೂಡಿರುತ್ತದೆ.

ಮೊದಲನೆಯದು ಜಾಲ ಸಾಮರ್ಥ್ಯ ಶುಲ್ಕ. ವಾಹಿನಿಗಳ ಸಂಕೇತವನ್ನು ಮನೆಯವರೆಗೆ ತಲುಪಿಸಿದ್ದಕ್ಕಾಗಿ ಸೇವಾದಾರರು ಪಡೆಯುವ ಮೊತ್ತವಿದು. ಉಚಿತ ವಾಹಿನಿಗಳನ್ನು ಮಾತ್ರ ನೋಡುವವರೂ ಇದನ್ನು ಕೊಡಬೇಕಾಗುತ್ತದೆ. ಆರಂಭದಲ್ಲಿ 100 ವಾಹಿನಿಗಳಿಗೆ ಗರಿಷ್ಠ 130 ರೂಪಾಯಿ ಎಂಬ ಮಿತಿಯಿತ್ತು. 2020ರ ತಿದ್ದುಪಡಿಯು ಅದೇ 130 ರೂಪಾಯಿಗೆ 200 ವಾಹಿನಿಗಳನ್ನು ಕೊಡುವಂತೆ ಮಾಡಿತು. 2024ರ ಜುಲೈ ತಿಂಗಳ ತಿದ್ದುಪಡಿಯಲ್ಲಿ ಈ ಗರಿಷ್ಠ ಮಿತಿಯನ್ನು ತೆಗೆದುಹಾಕಲಾಗಿದ್ದು, ಶುಲ್ಕವನ್ನು ಸೇವಾದಾರರೇ ನಿಗದಿಪಡಿಸುತ್ತಾರೆ. ಪ್ರದೇಶ, ವಾಹಿನಿಗಳ ಸಂಖ್ಯೆ ಮತ್ತು ಗ್ರಾಹಕರ ವರ್ಗಕ್ಕೆ ಅನುಗುಣವಾಗಿ ಅದು ಬೇರೆ ಬೇರೆಯಾಗಿರಬಹುದು. ಆದುದರಿಂದ ಸರ್ಕಾರವೇ ನಿಗದಿಪಡಿಸಿದ ದರವಿದು ಎಂದು ಯಾರಾದರೂ ಹೇಳಿದರೆ ಅದನ್ನು ಹಾಗೆಯೇ ಒಪ್ಪಬೇಕಾಗಿಲ್ಲ.

ಎರಡನೆಯದು ಪಾವತಿ ವಾಹಿನಿಗಳ ಬೆಲೆ. ಪ್ರತಿಯೊಂದು ಪಾವತಿ ವಾಹಿನಿಗೂ ಪ್ರಸಾರ ಸಂಸ್ಥೆಯು ಗರಿಷ್ಠ ಚಿಲ್ಲರೆ ಬೆಲೆಯನ್ನು ಪ್ರಕಟಿಸಬೇಕು. ಹಲವು ವಾಹಿನಿಗಳನ್ನು ಒಟ್ಟುಗೂಡಿಸಿದ ಗುಚ್ಛವನ್ನು, ಅಂದರೆ ಪ್ಯಾಕ್ ಅನ್ನು, ಕೊಳ್ಳಬಹುದು; ಬೇಕಾದ ವಾಹಿನಿಯನ್ನು ಬಿಡಿಯಾಗಿಯೂ ಕೊಳ್ಳಬಹುದು. ಬಿಡಿ ವಾಹಿನಿ ಸಿಗುವುದಿಲ್ಲ, ಪ್ಯಾಕ್ ಕಡ್ಡಾಯ ಎಂಬ ಮಾತು ನಿಯಮಕ್ಕೆ ವಿರುದ್ಧವಾದುದು.

ಮೂರನೆಯದು ಸರಕು ಮತ್ತು ಸೇವಾ ತೆರಿಗೆ. ಮೇಲಿನ ಎರಡೂ ಮೊತ್ತಗಳ ಮೇಲೆ ಶೇ. 18ರಷ್ಟು ತೆರಿಗೆ ಸೇರುತ್ತದೆ. ಜಾಹೀರಾತಿನಲ್ಲಿ ಕಾಣುವ ದರ ಹಲವೊಮ್ಮೆ ತೆರಿಗೆಯನ್ನು ಬಿಟ್ಟ ದರವಾಗಿರುತ್ತದೆ.

ಒಂದು ಲೆಕ್ಕ

ಉದಾಹರಣೆಗೆ, ಒಂದು ಮನೆಯಲ್ಲಿ ಜಾಲ ಸಾಮರ್ಥ್ಯ ಶುಲ್ಕ 130 ರೂಪಾಯಿ, ಪ್ಯಾಕ್‌ನ ಬೆಲೆ 150 ರೂಪಾಯಿ ಮತ್ತು ಬಿಡಿ ವಾಹಿನಿಗಳ ಬೆಲೆ 34 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು 314 ರೂಪಾಯಿ. ತೆರಿಗೆ 56.52 ರೂಪಾಯಿ ಸೇರಿದರೆ 370.52 ರೂಪಾಯಿ ಆಗುತ್ತದೆ. ಆ ಮನೆಯವರು ನಿಜವಾಗಿ ನೋಡುವುದು ಐದು ಪಾವತಿ ವಾಹಿನಿಗಳನ್ನು ಮಾತ್ರ, ಅವುಗಳ ಬಿಡಿ ಬೆಲೆ ಒಟ್ಟು 60 ರೂಪಾಯಿ ಎಂದಾದರೆ, ಪ್ಯಾಕ್ ಬಿಟ್ಟು ಅವನ್ನಷ್ಟೇ ಆರಿಸಿಕೊಂಡಾಗ ಮೊತ್ತ 190 ರೂಪಾಯಿಗೆ ಇಳಿಯುತ್ತದೆ. ತೆರಿಗೆ ಸೇರಿ 224.20 ರೂಪಾಯಿ. ತಿಂಗಳಿಗೆ 146.32 ರೂಪಾಯಿಯಂತೆ ವರ್ಷಕ್ಕೆ 1,755.84 ರೂಪಾಯಿ ಉಳಿತಾಯವಾಗುತ್ತದೆ.

ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂಪಾಯಿ ಪಡೆಯುವ ಹಿರಿಯರೊಬ್ಬರಿಗೆ 370 ರೂಪಾಯಿ ಎಂದರೆ ಪಿಂಚಣಿಯ ಮೂರನೇ ಒಂದು ಭಾಗಕ್ಕೆ ಸಮೀಪ. ಅವರು ನೋಡುವುದು ಸಂಜೆಯ ಎರಡು ಧಾರಾವಾಹಿ ಮತ್ತು ವಾರ್ತೆಯನ್ನಷ್ಟೇ ಆಗಿರಬಹುದು.

ಆದರೆ ಎಲ್ಲ ಮನೆಗಳಲ್ಲೂ ಬಿಡಿ ವಾಹಿನಿಯೇ ಅಗ್ಗವೆಂದು ಹೇಳಲಾಗದು. ಪ್ಯಾಕ್‌ಗಳಿಗೆ ರಿಯಾಯಿತಿ ಇರುವುದರಿಂದ, ಒಂದೇ ಸಂಸ್ಥೆಯ ಹಲವು ವಾಹಿನಿಗಳನ್ನು ನೋಡುವ ದೊಡ್ಡ ಕುಟುಂಬಕ್ಕೆ ಪ್ಯಾಕ್ ಲಾಭಕರವಾಗಬಹುದು. ಮನೆಯವರು ಒಂದು ವಾರ ತಾವು ನೋಡಿದ ವಾಹಿನಿಗಳನ್ನು ಬರೆದಿಟ್ಟುಕೊಂಡು, ಎರಡೂ ರೀತಿಯಲ್ಲಿ ಕೂಡಿ ನೋಡಿದ ನಂತರವೇ ತೀರ್ಮಾನಿಸುವುದು ಸೂಕ್ತ.

ಶುಲ್ಕ ಅಡಗಿರುವ ಸ್ಥಳಗಳು

ಬೇಡದ ಖರ್ಚು ಸಾಮಾನ್ಯವಾಗಿ ಈ ಕೆಳಗಿನ ಕಡೆಗಳಲ್ಲಿ ಸೇರಿಕೊಳ್ಳುತ್ತದೆ.

1. ಉಚಿತ ಪರೀಕ್ಷಾ ಅವಧಿ: ಕೆಲವು ದಿನ ಉಚಿತವೆಂದು ಆರಂಭವಾದ ಸಿನಿಮಾ, ಭಕ್ತಿ, ಅಡುಗೆ ಅಥವಾ ಆಟದ ಸೇವೆಯು ಅವಧಿ ಮುಗಿದ ಮೇಲೆ ತಾನಾಗಿಯೇ ಶುಲ್ಕದ ಸೇವೆಯಾಗಿ ಮುಂದುವರಿಯಬಹುದು. ಅದನ್ನು ನಿಲ್ಲಿಸಲು ಗ್ರಾಹಕರೇ ಕೋರಬೇಕಾಗುತ್ತದೆ.

2. ಒಂದೇ ವಾಹಿನಿಯ ಎರಡು ರೂಪ: ಹೆಚ್ಚು ಸ್ಪಷ್ಟತೆಯ ಎಚ್.ಡಿ. ವಾಹಿನಿ ಮತ್ತು ಅದರ ಸಾಮಾನ್ಯ ರೂಪ ಎರಡಕ್ಕೂ ಹಣ ಸಂದಾಯವಾಗುತ್ತಿರಬಹುದು. ಹಳೆಯ ಟಿ.ವಿ. ಇರುವ ಮನೆಯಲ್ಲಿ ಎಚ್.ಡಿ. ವಾಹಿನಿಯಿಂದ ಪ್ರಯೋಜನವಿಲ್ಲ.

3. ಎರಡನೆಯ ಟಿ.ವಿ.: ಮನೆಯ ಎರಡನೆಯ ಸಂಪರ್ಕಕ್ಕೆ ಪ್ರತ್ಯೇಕ ಶುಲ್ಕವಿರುತ್ತದೆ. ಅದು ಎಷ್ಟು, ಅದರಲ್ಲಿ ಯಾವ ವಾಹಿನಿಗಳಿವೆ ಎಂಬುದನ್ನು ಮೊದಲೇ ಕೇಳಬೇಕು.

4. ದಿನಗಳ ಲೆಕ್ಕ: 30 ದಿನಗಳ ಪ್ಯಾಕ್ ಅನ್ನು 12 ಬಾರಿ ಹಾಕಿಸಿದರೆ 360 ದಿನಗಳು ಮಾತ್ರ ಆಗುತ್ತವೆ. 28 ದಿನಗಳ ಪ್ಯಾಕ್ ಆದರೆ ವರ್ಷಕ್ಕೆ 13 ಬಾರಿ ಹಣ ಕಟ್ಟಬೇಕಾಗುತ್ತದೆ. ಆದ್ದರಿಂದ ದರಗಳನ್ನು ಹೋಲಿಸುವಾಗ ದಿನಕ್ಕೆ ಎಷ್ಟು ಎಂದು ನೋಡಬೇಕು.

5. ಅಳವಡಿಕೆ ಮತ್ತು ಭೇಟಿ ಶುಲ್ಕ: ಹೊಸ ಸಂಪರ್ಕದ ಅಳವಡಿಕೆ, ಚಾಲನೆ, ದುರಸ್ತಿಗೆ ಬರುವ ತಂತ್ರಜ್ಞರ ಭೇಟಿ, ಡಿಶ್‌ನ ಸ್ಥಳಾಂತರ, ತಾತ್ಕಾಲಿಕ ನಿಲುಗಡೆ ಇವುಗಳ ಶುಲ್ಕವನ್ನೂ 2024ರಿಂದ ಸೇವಾದಾರರೇ ನಿರ್ಧರಿಸುತ್ತಾರೆ. ಆದರೆ ಈ ಎಲ್ಲ ಶುಲ್ಕಗಳನ್ನು ಪ್ರಕಟಿಸುವುದು ಮತ್ತು ಗ್ರಾಹಕರಿಗೆ ತಿಳಿಸುವುದು ಅವರ ಕರ್ತವ್ಯವಾಗಿದೆ.

ಸೇವಾದಾರರನ್ನು ಬದಲಿಸುವ ಮುನ್ನ

ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವಂತೆ ಟಿ.ವಿ. ಸಂಪರ್ಕವನ್ನು ಬದಲಿಸಲಾಗದು. ಒಂದು ಕಂಪನಿಯ ಸೆಟ್ ಟಾಪ್ ಬಾಕ್ಸ್ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಸೇವೆಗೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ತಿಂಗಳಿಗೆ 30 ರೂಪಾಯಿ ಕಡಿಮೆ ಎಂದು ಬದಲಿಸಲು ಹೊರಟವರು 1,500 ರೂಪಾಯಿ ಕೊಟ್ಟು ಹೊಸ ಬಾಕ್ಸ್ ಕೊಳ್ಳಬೇಕಾಗಿ ಬಂದರೆ, ಆ ಹಣ ಮರಳಲು 50 ತಿಂಗಳು ಬೇಕಾಗುತ್ತದೆ. ಮೊದಲು ಇರುವ ಸೇವಾದಾರರಲ್ಲಿಯೇ ಪ್ಯಾಕ್ ಬದಲಿಸಿ ನೋಡುವುದು ಬಹುತೇಕ ಮನೆಗಳಿಗೆ ಒಳ್ಳೆಯ ದಾರಿ.

ಬದಲಿಸಲೇಬೇಕಾದ ಸಂದರ್ಭದಲ್ಲಿ ಬಾಕ್ಸ್ ಸ್ವಂತದ್ದೇ ಅಥವಾ ಬಾಡಿಗೆಯದ್ದೇ, ಠೇವಣಿ ಹಿಂದಿರುಗುವುದೇ, ಖಾತೆಯಲ್ಲಿ ಉಳಿದ ಹಣದ ಗತಿಯೇನು, ಹೊಸ ಬಾಕ್ಸ್‌ಗೆ ಎಷ್ಟು ಕಾಲದ ಖಾತರಿ ಇದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕು. ಅರ್ಜಿ ನಮೂನೆಯ ಪ್ರತಿ ಮತ್ತು ಪ್ರತಿ ಪಾವತಿಯ ರಸೀದಿಯನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕು.

ತಿಂಗಳ ಶುಲ್ಕವನ್ನೇ ಭರಿಸಲಾಗದ ಕುಟುಂಬಗಳಿಗೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಮಾತ್ರ ಹಣ ಕೊಡಬೇಕು. ದೂರದರ್ಶನ ಚಂದನ ವಾಹಿನಿ ಇದರಲ್ಲಿ ದೊರೆಯುತ್ತದೆ. ಆದರೆ ಜನಪ್ರಿಯ ಕನ್ನಡ ಪಾವತಿ ವಾಹಿನಿಗಳು ಇದರಲ್ಲಿ ಬರುವುದಿಲ್ಲ ಎಂಬುದನ್ನೂ ಮೊದಲೇ ತಿಳಿಸಬೇಕು. ಇಲ್ಲವಾದರೆ ಕೊಂಡವರು ನಿರಾಶರಾಗುತ್ತಾರೆ.

ರೀಚಾರ್ಜ್ ಅಥವಾ ರಿಯಾಯಿತಿಯ ಹೆಸರಿನಲ್ಲಿ ಬರುವ ಕರೆಗಳ ಬಗೆಗೂ ಎಚ್ಚರ ಅಗತ್ಯ. ಒ.ಟಿ.ಪಿ., ಕಾರ್ಡ್ ಸಂಖ್ಯೆ ಅಥವಾ ಯು.ಪಿ.ಐ. ಪಿನ್ ಅನ್ನು ಯಾರಿಗೂ ಹೇಳಬಾರದು. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.

ದೂರು ಸಲ್ಲಿಸುವ ಕ್ರಮ

ಮೊದಲು ಸೇವಾದಾರರ ಗ್ರಾಹಕ ಸೇವಾ ಕೇಂದ್ರಕ್ಕೆ ದೂರು ನೀಡಿ, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ನೋಡಲ್ ಅಧಿಕಾರಿಗೆ ಲಿಖಿತವಾಗಿ ಬರೆಯಬೇಕು. ವೈಯಕ್ತಿಕ ದೂರುಗಳನ್ನು ಟ್ರಾಯ್ ತಾನೇ ಇತ್ಯರ್ಥಪಡಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಂತಿಮವಾಗಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದ ಪ್ರಕರಣಗಳಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದೂ ಕಡ್ಡಾಯವಲ್ಲ. ರಸೀದಿ ಇಲ್ಲದ ದೂರು ಯಾವ ಹಂತದಲ್ಲಿಯೂ ದುರ್ಬಲವಾಗುತ್ತದೆ.

ಸದಸ್ಯರ ಪಾತ್ರ

ಕೇಬಲ್ ನಡೆಸುವವರು ಬಹುಮಟ್ಟಿಗೆ ಅದೇ ಊರಿನವರು. ಅವರೂ ಮೇಲಿನ ಸಂಸ್ಥೆಗೆ ಹಣ ಕಟ್ಟಬೇಕಾದವರು. ಆದ್ದರಿಂದ ಈ ವಿಷಯವನ್ನು ಜಗಳವಾಗಿಸದೆ, ವಾರ್ಡ್ ಸಭೆಗೆ ಅವರನ್ನೂ ಆಹ್ವಾನಿಸಿ, ಬಿಡಿ ವಾಹಿನಿಗಳ ದರಪಟ್ಟಿ ಮತ್ತು ಇತರ ಶುಲ್ಕಗಳ ವಿವರವನ್ನು ಕನ್ನಡದಲ್ಲಿ ಒದಗಿಸುವಂತೆ ಕೋರಬಹುದು. ಆ ಪಟ್ಟಿಯನ್ನು ಪಂಚಾಯತಿ ಕಚೇರಿಯ ಸೂಚನಾ ಫಲಕದಲ್ಲಿ ಮತ್ತು ಅರಿವು ಕೇಂದ್ರದಲ್ಲಿ ಪ್ರದರ್ಶಿಸಿದರೆ ಓದಬಲ್ಲ ಮಕ್ಕಳು ಮನೆಯ ಹಿರಿಯರಿಗೆ ಲೆಕ್ಕ ಮಾಡಿ ತೋರಿಸಬಲ್ಲರು. ಸ್ವಸಹಾಯ ಸಂಘಗಳ ಸಭೆಯಲ್ಲಿ ಒಂದೆರಡು ಮನೆಗಳ ರಸೀದಿಯನ್ನು ಮುಂದಿಟ್ಟುಕೊಂಡು ವಿವರಿಸುವುದು ಭಾಷಣಕ್ಕಿಂತ ಹೆಚ್ಚು ಫಲಕಾರಿಯಾಗುತ್ತದೆ.

ಈ ಕೆಲಸವನ್ನು ಸದಸ್ಯರು ತಮ್ಮ ಮನೆಯ ಸಂಪರ್ಕದಿಂದಲೇ ಆರಂಭಿಸಬಹುದು. ತಮ್ಮದೇ ಶುಲ್ಕದ ಮೂರು ಭಾಗಗಳನ್ನು ಬಿಡಿಸಿ ಬರೆದು ನೋಡಿದವರಿಗೆ ನೆರೆಯ ಮನೆಯ ಲೆಕ್ಕವನ್ನು ಹೇಳಿಕೊಡುವುದು ಕಷ್ಟವಾಗದು.